ಓದಕ್ಕ ಬಡಿದ ಮೇಜು

ಮೇಜು ಬಡಿದು ಸಂಬಳ ತೆಗೆದುಕೊಳ್ಳುವ ಹೆಂಗಸು ಲೋಕದಲ್ಲಿ ಇವಳೊಬ್ಬಳೇ ಇರಬೇಕು ಎಂದು ಮುದ್ರಣಾಲಯದವರು ತಮಾಷೆ ಮಾಡುತ್ತಿದ್ದರು. ಆ ತಮಾಷೆ ಅವಳಿಗೂ ಇಷ್ಟವೇ. ಇಪ್ಪತ್ತೆಂಟು ವರ್ಷಗಳಿಂದ ಅವಳು ಅಲ್ಲಿನ ಪ್ರೂಫ್ ಕೋಣೆಯಲ್ಲಿ ಕೂತು ಇಂಗ್ಲಿಷ್ ಬರಹಗಳನ್ನು ಗಟ್ಟಿಯಾಗಿ ಓದುತ್ತಿದ್ದಳು. ಅವಳ ಕೈಯಲ್ಲಿ ಗಿರಾಕಿ ಕೊಟ್ಟ ಮೂಲಪ್ರತಿ, ಎದುರು ಕೂತವರ ಮುಂದೆ ಅಚ್ಚಿಗೆ ಹೋಗಬೇಕಾದ ಪ್ರೂಫ್. ಇವಳು ಓದುತ್ತ ಹೋಗಬೇಕು, ಎದುರಿನವರು ಕೇಳುತ್ತ ತಮ್ಮ ಹಾಳೆಯೊಂದಿಗೆ ತಾಳೆ ನೋಡಿ ಕೆಂಪು ಪೆನ್ಸಿಲಿನಲ್ಲಿ ತಿದ್ದಬೇಕು. ಕಾಮಾ, ಫುಲ್‌ಸ್ಟಾಪ್, ಹೊಸ ಪ್ಯಾರಾ, ದೊಡ್ಡಕ್ಷರ ಎಲ್ಲವನ್ನೂ ಅವಳು ಒಂದೇ ರಾಗದಲ್ಲಿ, ಮಕ್ಕಳು ಮಗ್ಗಿ ಹೇಳುವ ಹಾಗೆ ಹೇಳುತ್ತಿದ್ದಳು. ಹಾಗಾಗಿ ಓದಕ್ಕ ಎಂಬ ಹೆಸರು ಅಂಟಿಕೊಂಡಿತು. ಹಾಜರಿ ಪುಸ್ತಕದಲ್ಲಿ ಅವಳ ನಿಜವಾದ ಹೆಸರನ್ನು ಹುಡುಕುವಾಗ ಮ್ಯಾನೇಜರ್ ಕೂಡ ಒಂದು ಕ್ಷಣ ತಡವರಿಸುತ್ತಿದ್ದ.

ಮೇಜು ಬಡಿಯುವುದಕ್ಕೆ ಕಾರಣವಿತ್ತು. ಇಂಗ್ಲಿಷಿನಲ್ಲಿ ಎರಡು ಪದ ಒಂದಾಗಿ ಸೇರುವ ಜಾಗದಲ್ಲೇ ಎಡವಟ್ಟು ಹೆಚ್ಚು. ಎವ್ರಿಡೇ ಎಂದು ಕೂಡಿಸಿ ಬರೆದರೆ ಮಾಮೂಲಿನದು ಎಂದರ್ಥ, ಬಿಡಿಸಿ ಬರೆದರೆ ದಿನಾಲೂ ಎಂದರ್ಥ. ಬಾಯಲ್ಲಿ ಹೇಳಿದರೆ ಎರಡೂ ಒಂದೇ. ನಡುವೆ ಜಾಗ ಇದೆಯೋ, ಸಣ್ಣ ಗೀಟು ಇದೆಯೋ, ಏನೂ ಇಲ್ಲವೋ ಕಿವಿಗೆ ತಿಳಿಯುವುದಿಲ್ಲ. ಪ್ರತಿ ಸಲ ಬಾಯಿಬಿಟ್ಟು ಹೇಳುತ್ತ ಕೂತರೆ ಪುಟ ಮುಗಿಯುವಷ್ಟರಲ್ಲಿ ಸಂಜೆಯಾದೀತು. ಅದಕ್ಕೆ ಓದಕ್ಕ ಒಂದು ಉಪಾಯ ಮಾಡಿದ್ದಳು. ಪದಗಳ ನಡುವೆ ಜಾಗ ಇದ್ದರೆ ಬೆರಳ ಗೆಣ್ಣಿನಿಂದ ಮೇಜಿಗೆ ಒಂದು ಬಡಿತ. ಗೀಟು ಇದ್ದರೆ ಉಗುರಿನಿಂದ ಒಂದು ಗೀರು. ಕೂಡಿಕೊಂಡಿದ್ದರೆ ಅಂಗೈಯನ್ನು ಮೇಜಿನ ಮೇಲೆ ಮೆತ್ತಗೆ ಊರುವುದು. ಎದುರಿನವರು ಎಡಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡಿರಬೇಕು. ಆಗ ಕಣ್ಣು ಹಾಳೆಯ ಮೇಲಿದ್ದರೂ ಕೈಗೆ ಸುದ್ದಿ ಮುಟ್ಟುತ್ತದೆ. ಒಂದು ವಾಕ್ಯ ಸರಿಯಾಗಿದ್ದರೆ ಅವರು ಪೆನ್ಸಿಲಿನ ಹಿಂಬದಿಯಿಂದ ಟಪ್ ಎನ್ನಿಸಬೇಕು. ಆಯಿತು, ಮುಂದೆ ಹೋಗಿ ಎಂದು ಅದರ ಅರ್ಥ.

ಉಪಾಯವೆಂದು ಅವಳು ಹೇಳಿಕೊಳ್ಳುತ್ತಿದ್ದರೂ ಅದು ಅವಳ ತಾಯಿಮನೆಯಿಂದ ಬಂದದ್ದು. ತಾಯಿಗೆ ಎರಡೂ ಕಿವಿ ಕೇಳಿಸುತ್ತಿರಲಿಲ್ಲ. ಮುಂದಿನ ಕೋಣೆಯ ತುಂಬ ಒಂದು ಉದ್ದನೆಯ ಹಲಗೆ ಹಾಕಿಕೊಂಡು ಅದರ ಮೇಲೆ ಬಟ್ಟೆ ಕತ್ತರಿಸಿ ಹೊಲಿದು ಮನೆ ನಡೆಸುತ್ತಿದ್ದಳು. ಮಗಳು ಹಲಗೆಯ ಈ ತುದಿಯಲ್ಲಿ ಪಾಠ ಓದಿಕೊಳ್ಳುತ್ತ, ಒಂದು ಸಲ ಬಡಿದರೆ ಅದು ‘ಇದ್ದೀಯಾ?’ ಎಂಬ ಪ್ರಶ್ನೆ. ತಾಯಿ ತಲೆ ಎತ್ತದೆ ಆ ತುದಿಯಲ್ಲಿ ಅಂಗೈ ಊರುತ್ತಿದ್ದಳು. ಇದ್ದೀನಿ. ಹಲಗೆಯೊಳಗಿಂದ ಆ ಸಣ್ಣ ಭಾರ ಬಂದು ಮಗಳ ಕೈಗೆ ತಾಕುತ್ತಿತ್ತು. ಎರಡು ಸಲ ಗೀರಿದರೆ ಹಸಿವು, ಒಂದು ಸಲ ಗೀರಿದರೆ ತಾಳು. ತಾಯಿ ಹೋಗಿ ಎಷ್ಟೋ ವರ್ಷವಾದ ಮೇಲೂ ಬರೀ ಮೇಜು ಕಂಡರೆ ಓದಕ್ಕನ ಕೈ ಅದರ ಮೇಲೆ ಊರಿಕೊಳ್ಳುತ್ತಿತ್ತು.

ಅವಳು ಓದಿದ್ದು ಹತ್ತನೇ ತರಗತಿಯವರೆಗೆ ಮಾತ್ರ. ಮುದ್ರಣಾಲಯಕ್ಕೆ ಸೇರಿದ ವರ್ಷ ಎದುರು ಕೂತು ತಿದ್ದುತ್ತಿದ್ದವರು ದಪ್ಪ ಕನ್ನಡಕದ ಒಬ್ಬ ಹಿರಿಯರು. ಒಂದು ದಿನ ಪೀಠೋಪಕರಣದ ಅಂಗಡಿಯೊಂದರ ಪಟ್ಟಿ ಬಂತು. ಅದರಲ್ಲಿ ‘ಚೆಸ್ಟರ್ ಡ್ರಾಯರ್ಸ್’ ಎಂದಿತ್ತು.

“ಈ ಚೆಸ್ಟರ್ ಅಂದ್ರೆ ಯಾರಮ್ಮಾ?” ಎಂದು ಹಿರಿಯರು ಕೇಳಿದರು.

“ಅಂಗಡಿ ಯಜಮಾನರ ಹೆಸರಿರಬೇಕು ಸರ್,” ಎಂದಳು ಇವಳು.

“ಹಾಗಾದ್ರೆ ದೊಡ್ಡಕ್ಷರ ಹಾಕೋಣ. ಪಾಪ, ಯಜಮಾನರಿಗೆ ಮರ್ಯಾದೆ ಕೊಡಬೇಕು.”

ಮರ್ಯಾದೆ ಕೊಟ್ಟೇ ಅಚ್ಚಾಯಿತು. ಅದು ಚೆಸ್ಟ್ ಆಫ್ ಡ್ರಾಯರ್ಸ್, ಅಂದರೆ ಖಾನೆಗಳಿರುವ ಪೆಟ್ಟಿಗೆ, ಯಾರೋ ಅರ್ಧ ಕೇಳಿಸಿಕೊಂಡು ಹಾಗೆ ಬರೆದಿದ್ದಾರೆ ಎಂದು ಗೊತ್ತಾದದ್ದು ಅಂಗಡಿಯವನು ಕಟ್ಟುಗಟ್ಟಲೆ ಪಟ್ಟಿಯನ್ನು ತಂದು ಮ್ಯಾನೇಜರ್ ಮೇಜಿನ ಮೇಲೆ ಸುರಿದಾಗ. ಆವತ್ತು ಬೈಸಿಕೊಂಡು ಮನೆಗೆ ಹೋಗುವ ದಾರಿಯಲ್ಲಿ ಓದಕ್ಕ ಒಂದು ಉದ್ದನೆಯ ನೋಟ್‌ಬುಕ್ ಕೊಂಡಳು. ಎಡಗಡೆಯ ಪುಟದಲ್ಲಿ ಕಿವಿಗೆ ಬಿದ್ದದ್ದು, ಬಲಗಡೆಯ ಪುಟದಲ್ಲಿ ನಿಜವಾಗಿ ಇರುವುದು. ಮೊದಲನೆಯ ಸಾಲಿನಲ್ಲಿ ಚೆಸ್ಟರ್ ಕೂತ. ಆಮೇಲೆ ಒಂದೊಂದೇ ಬಂದು ಸೇರಿದವು. ಒಂದೇ ಗಾಲಿಯ ಕೈಗಾಡಿ ವೀಲ್‌ಬ್ಯಾರೋವನ್ನು ಜನ ವೀಲ್‌ಬ್ಯಾರಲ್ ಎಂದು ಬರೆದು ಪೀಪಾಯಿ ಮಾಡುತ್ತಿದ್ದರು. ಕೋಸಿನ ಪಚಡಿಯಂಥ ಕೋಲ್‌ಸ್ಲಾ ತಣ್ಣಗಿರುತ್ತದೆ ಎಂಬ ಒಂದೇ ಕಾರಣಕ್ಕೆ ಕೋಲ್ಡ್ ಸ್ಲಾ ಆಗುತ್ತಿತ್ತು. ಹಂಗರ್ ಪ್ಯಾಂಗ್ಸ್ ಎಂಬ ಹೊಟ್ಟೆ ಸಂಕಟ ಹಂಗರ್ ಪೇನ್ಸ್ ಆಗಿ ಬರುತ್ತಿತ್ತು. ಅದು ಪೂರ್ತಿ ತಪ್ಪೂ ಅಲ್ಲ, ಹಸಿದವನಿಗೆ ನೋವೂ ಹೌದಲ್ಲ ಎಂದು ಓದಕ್ಕ ಅದರ ಪಕ್ಕ ಪೆನ್ಸಿಲಿನಲ್ಲಿ ಬರೆದಿದ್ದಳು. ಕಿವಿ ಮೋಸಹೋದ ಮಾತುಗಳೇ ತುಂಬಿದ್ದರಿಂದ ಅದಕ್ಕೆ ಕಿವುಡು ಪುಸ್ತಕ ಎಂದು ಹೆಸರಿಟ್ಟಳು. ಇಪ್ಪತ್ತೆಂಟು ವರ್ಷದಲ್ಲಿ ಸಾವಿರದ ನಾನೂರು ಮಾತು ಸೇರಿದ್ದವು. ಕಾಲೇಜು ಓದಿದ ಗಿರಾಕಿಗಳು ಕೂಡ ಪ್ರೂಫ್ ಕೋಣೆಯ ಬಾಗಿಲಲ್ಲಿ ನಿಂತು, “ಅಕ್ಕಾ, ಇದು ಕೂಡಿಸಿ ಬರೆಯೋದಾ, ಬಿಡಿಸಿ ಬರೆಯೋದಾ?” ಎಂದು ಕೇಳುತ್ತಿದ್ದರು. ಆಗ ಅವಳು ಉತ್ತರವನ್ನು ಬಾಯಲ್ಲಿ ಹೇಳದೆ ಬಾಗಿಲ ಚೌಕಟ್ಟಿಗೆ ಬಡಿದು ತೋರಿಸುತ್ತಿದ್ದಳು.

ಈಗ ನಿವೃತ್ತಿಗೆ ಮೂರು ತಿಂಗಳಿತ್ತು. ಹಾರ, ಭಾಷಣ ಯಾವುದೂ ಅವಳಿಗೆ ಬೇಕಿರಲಿಲ್ಲ. ಕೊನೆಯ ದಿನದ ಕೊನೆಯ ಹಾಳೆಯವರೆಗೂ ತನ್ನ ಓದು ಬೇಕಾಗಿಯೇ ಇತ್ತು ಎಂಬ ಭರವಸೆಯೊಂದಿಗೆ ಆ ಕುರ್ಚಿಯಿಂದ ಎದ್ದು ಹೋಗಬೇಕು, ಅಷ್ಟೇ.

ಎದುರಿನ ಕುರ್ಚಿಯಲ್ಲಿ ಹದಿನೆಂಟು ವರ್ಷದಿಂದ ಕೂತಿದ್ದವಳು ಅವಳ ನಾದಿನಿ, ಗಂಡನ ತಂಗಿ. ನರ್ಸಿಂಗ್ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದ ಹುಡುಗಿಯನ್ನು ಓದಕ್ಕ ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ಕೆಲಸ ಕಲಿಸಿದ್ದಳು.

“ಕಣ್ಣು ಮುಚ್ಚು. ಕೈ ಇಡು. ಈಗ ಏನು ಬಿತ್ತು?”

“ಜಾಗ.”

“ಈಗ?”

“ಗೀಟು, ಅತ್ತಿಗೆ.”

“ಈಗ?”

“ಕೂಡಿದೆ. ಅಯ್ಯೋ ಅಲ್ಲ, ನೀವು ಹಿಟ್ಟಿನ ಡಬ್ಬ ಇಟ್ರಿ!”

ಇಬ್ಬರೂ ನಕ್ಕು ನಕ್ಕು ಸುಸ್ತಾಗುತ್ತಿದ್ದರು. ಲಿಫ್ಟ್ ರಿಪೇರಿ ಮುಗಿಸಿ ಬಂದ ಗಂಡ ಬಾಗಿಲಲ್ಲೇ ನಿಂತು, “ಇಬ್ರೂ ಗೂಟ ಬಡಿಯೋ ಕೆಲಸಕ್ಕೆ ಸೇರ್ತಿದ್ದೀರೇನ್ರೇ? ಮೇಜಿನ ಕಾಲು ಮುರಿದ್ರೆ ನಾನಂತೂ ಜೋಡಿಸಿಕೊಡಲ್ಲ,” ಎಂದು ರೇಗಿಸುತ್ತಿದ್ದ. ನಾದಿನಿ ಕಲಿತಳು. ಮದುವೆ ಬೇಡವೆಂದು ಅಣ್ಣನ ಮನೆಯ ಮಹಡಿಯ ಕೋಣೆಯಲ್ಲೇ ಉಳಿದಳು. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದರು, ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಿದ್ದರು. ಅತ್ತಿಗೆ ನಾದಿನಿಯರೆಂದರೆ ಹಾವು ಮುಂಗುಸಿ ಅಂತಾರಲ್ಲ, ಇವರ್ಯಾಕೆ ಹೀಗೆ ಎಂದು ಬೈಂಡಿಂಗ್ ವಿಭಾಗದ ಹೆಂಗಸರು ಬೆರಗಾಗುತ್ತಿದ್ದರು.

ಹಿಂದಿನ ವರ್ಷ ಮೇಲಿನ ಮಹಡಿಗೆ ಕಂಪ್ಯೂಟರುಗಳು ಬಂದವು. ತಪ್ಪನ್ನು ತಾವೇ ಹಿಡಿಯುತ್ತವಂತೆ ಎಂಬ ಮಾತು ಓಡಾಡಿತು. ಮ್ಯಾನೇಜರ್ ತಾನಾಗಿಯೇ ಪ್ರೂಫ್ ಕೋಣೆಗೆ ಬಂದು ಹೇಳಿದ: “ನೀವು ತಲೆ ಕೆಡಿಸಿಕೋಬೇಡಿ ಅಕ್ಕ. ನಿಮ್ಮ ಕಿವಿ ದಾಟದೆ ಈ ಪ್ರೆಸ್ಸಿಂದ ಒಂದು ಹಾಳೆ ಹೊರಗೆ ಹೋಗಲ್ಲ.” ಓದಕ್ಕ ಆ ಮಾತನ್ನು ಮನೆಗೆ ಹೋಗಿ ಗಂಡನಿಗೆ ಎರಡು ಸಲ ಹೇಳಿದಳು. ನಾದಿನಿ ಮಧ್ಯಾಹ್ನದ ಮೇಲೆ ಮಹಡಿಗೆ ಟೈಪಿಂಗಿಗೆಂದು ಹೋಗತೊಡಗಿದಳು. ಹೋಗಲಿ, ಚಿಕ್ಕವಳು, ಹೊಸದನ್ನು ಕಲಿತುಕೊಳ್ಳಲಿ ಎಂದು ಓದಕ್ಕನೇ ಕಳಿಸಿದಳು. ಅದೇ ದಿನಗಳಲ್ಲಿ ನಾದಿನಿ, “ಅತ್ತಿಗೆ, ನಿಮ್ಮ ಕಿವುಡು ಪುಸ್ತಕ ಹಾಳೆ ಹಾಳೆಯಾಗಿ ಉದುರ್ತಿದೆ, ಕೊಡಿ, ಗಟ್ಟಿ ಬೈಂಡು ಹಾಕಿಸಿಕೊಡ್ತೀನಿ,” ಎಂದು ತೆಗೆದುಕೊಂಡು ಹೋಗಿ ಮೂರು ವಾರವಾದ ಮೇಲೆ ತಂದುಕೊಟ್ಟಳು. ನೀಲಿ ಬಟ್ಟೆಯ ರಟ್ಟು, ಬೆನ್ನಿನ ಮೇಲೆ ಬಂಗಾರದ ಬಣ್ಣದ ಅಕ್ಷರ. ಓದಕ್ಕ ಅದನ್ನು ನೋಡಿ ಕಣ್ಣಲ್ಲಿ ನೀರು ತಂದುಕೊಂಡಿದ್ದಳು.

ಸೋಮವಾರ ಅವರು ಓದುತ್ತಿದ್ದದ್ದು ರೋಗಿಗಳ ಕಬ್ಬಿಣದ ಮಂಚವನ್ನು ಜೋಡಿಸುವ ಬಗೆಯ ಕೈಪಿಡಿ. ಮೂರನೆಯ ಪುಟದಲ್ಲಿ ಓದಕ್ಕ ರಾಗ ನಿಲ್ಲಿಸಿದಳು.

“ತಾಳು ತಾಳು. ಇಲ್ಲಿ ಬೆಡ್ ರಿಟನ್ ಅಂತ ಬರೆದಿದ್ದಾರೆ. ಮೂಲದಲ್ಲೇ ತಪ್ಪು. ಹಾಸಿಗೆ ಹಿಡಿದವರಿಗೆ ಬೆಡ್‌ರಿಡನ್ ಅನ್ನಬೇಕು, ಕೂಡಿಸಿ.” ಅಂಗೈ ಊರಿ ತೋರಿಸಿದಳು.

“ಅಬ್ಬಾ ಅತ್ತಿಗೆ! ನಿಮ್ಮ ಕಿವಿಗೆ ದೃಷ್ಟಿ ತೆಗೀಬೇಕು,” ಎಂದು ನಾದಿನಿ ಕೆಂಪು ಪೆನ್ಸಿಲಿನಲ್ಲಿ ದಪ್ಪಗೆ ತಿದ್ದಿದಳು.

ಇಡೀ ದಿನ ಓದಕ್ಕನಿಗೆ ಹೊಟ್ಟೆ ತುಂಬಿದಂತಿತ್ತು. ಮೂಲದಲ್ಲೇ ಇರುವ ತಪ್ಪನ್ನು ಹಿಡಿಯುವುದೆಂದರೆ ಸುಮ್ಮನೆ ಅಲ್ಲ.

ಬುಧವಾರ ಸಂಜೆ ಅವಳು ಗಂಡನಿಗೆ ಊರುಗೋಲು ಕೊಳ್ಳಲು ಹೋದಳು. ಲಿಫ್ಟಿನ ಗುಂಡಿಗೆ ಇಳಿಯುವಾಗ ಅವನು ಮಂಡಿ ತಿರುಚಿಕೊಂಡಿದ್ದ. ಗಾಲಿಕುರ್ಚಿ, ಬೆಲ್ಟು, ಬಿಸಿನೀರಿನ ಚೀಲ ಮಾರುವ ಕಿರಿದಾದ ಅಂಗಡಿ. ಗೋಡೆಗೆ ಒರಗಿಸಿದ್ದ ಕಬ್ಬಿಣದ ಮಂಚದ ಕಾಲಿಗೆ ದಾರದಲ್ಲಿ ಒಂದು ಕೈಪಿಡಿ ನೇತಾಡುತ್ತಿತ್ತು. ಮುಖಪುಟ ನೋಡುತ್ತಲೇ ಗುರುತು ಸಿಕ್ಕಿತು. ಅವಳು ಬಗ್ಗಿ ಮೂರನೆಯ ಪುಟ ತೆಗೆದಳು. ಬೆಡ್‌ರಿಡನ್ ಎಂದು ಸರಿಯಾಗಿತ್ತು, ಕೂಡಿಕೊಂಡಿತ್ತು.

ಮೊದಲು ಬಂದದ್ದು ಸಂತೋಷವೇ. ‘ನೋಡಿದ್ಯಾ, ನಾನು ಹೇಳಿದ ಹಾಗೇ ಬಂದಿದೆ’ ಎಂದುಕೊಂಡಳು. ಆಮೇಲೆ ಏನೋ ಒಂದು ಮುಳ್ಳು ತಾಕಿದಂತಾಯಿತು. ಸೋಮವಾರ ತಿದ್ದಿದ್ದು ಬುಧವಾರಕ್ಕೆ ಅಚ್ಚಾಗಿ, ಮಡಿಕೆಯಾಗಿ, ಕಾರ್ಖಾನೆಗೆ ಹೋಗಿ, ಮಂಚದ ಜೊತೆ ಅಂಗಡಿಗೆ ಬರುತ್ತದೆಯೇ?

“ಈ ಮಂಚ ಯಾವಾಗ ಬಂತು?” ಎಂದು ಕೇಳಿದಳು.

“ಎರಡು ತಿಂಗಳು ಮೇಲಾಯ್ತು ಬಿಡಿ. ಒಂದೂ ಖರ್ಚಾಗಿಲ್ಲ. ತಗೊಳ್ತೀರಾ? ರೇಟು ನೋಡಿ ಹಾಕಿಕೊಡ್ತೀನಿ,” ಎಂದ ಅಂಗಡಿಯವನು.

“ಈ ಪುಸ್ತಕ? ಇದೂ ಆವಾಗ್ಲೇ ಬಂದಿದ್ದಾ?”

“ಮಂಚದ ಜೊತೆ ಬರದೆ ಅದೇನು ನಡ್ಕೊಂಡು ಬರುತ್ತಾ ತಾಯಿ?”

ಕೊನೆಯ ಪುಟದ ಕೆಳಗೆ ಅವರದೇ ಮುದ್ರಣಾಲಯದ ಹೆಸರು, ಅಚ್ಚಾದ ತಿಂಗಳು ಇತ್ತು. ಅವಳು ಅದನ್ನು ಬೆರಳಿಟ್ಟು ಓದಿದಳು. ಅಂಗಡಿಯವನು ಸುಳ್ಳು ಹೇಳಿರಲಿಲ್ಲ. ಊರುಗೋಲನ್ನು ಅಲ್ಲೇ ಮರೆತು ಅರ್ಧ ದಾರಿ ಹೋಗಿ ಮತ್ತೆ ತಿರುಗಿ ಬಂದಳು.

ಆ ಸಂಜೆ ಮನೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಯಾವುದೋ ಹಳೆಯ ಕೈಪಿಡಿಯನ್ನು ಮತ್ತೆ ಅಚ್ಚು ಹಾಕುತ್ತಿರಬಹುದು ಎಂದು ಮನಸ್ಸಿಗೆ ಸಮಾಧಾನ ಹೇಳಿದಳು. ಆದರೆ ಮತ್ತೆ ಅಚ್ಚು ಹಾಕುವುದಾದರೆ ತಿದ್ದಿದ ಪ್ರತಿ ಬರಬೇಕು, ತಪ್ಪಿದ್ದ ಪ್ರತಿ ಯಾಕೆ ಬಂತು? ಸಮಾಧಾನ ನಿಲ್ಲಲಿಲ್ಲ.

ಗುರುವಾರ ಬೆಳಿಗ್ಗೆ, “ತಲೆನೋವು, ಮುಂಚಿನ ಬಸ್ಸಿಗೆ ಹೋಗ್ತೀನಿ,” ಎಂದು ನಾದಿನಿಯನ್ನು ಬಿಟ್ಟು ಒಬ್ಬಳೇ ಹೊರಟಳು. ಪ್ರೂಫ್ ಕೋಣೆಗೆ ಹೋಗದೆ ನೇರವಾಗಿ ಕೆಳಗೆ ಬೈಂಡಿಂಗ್ ವಿಭಾಗಕ್ಕೆ ಇಳಿದಳು. ಕಾಗದ ಕತ್ತರಿಸುವ ಯಂತ್ರದವನು ಅವಳಷ್ಟೇ ಹಳಬ. ಎಲ್ಲರೂ ಅವನನ್ನು ಕಟಿಂಗಣ್ಣ ಎನ್ನುತ್ತಿದ್ದರು. ಅಲಗಿನ ಬಾಯಿ ಕೆಡದಿರಲೆಂದು ಕಟ್ಟಿನ ಅಡಿಗೆ ರದ್ದಿ ಹಾಳೆಗಳನ್ನು ಹಾಸುವುದು ವಾಡಿಕೆ. ಆವತ್ತು ಅವನು ಹಾಸುತ್ತಿದ್ದ ಹಾಳೆಗಳ ಮೇಲೆ ಕೆಂಪು ಗುರುತುಗಳಿದ್ದವು. ಮೇಲಿನ ಹಾಳೆಯಲ್ಲೇ ಬೆಡ್‌ರಿಡನ್ ಎಂಬ ನಾದಿನಿಯ ದಪ್ಪ ಅಕ್ಷರ, ಅದರ ಮೇಲೆ ಅಲಗು ಕಚ್ಚಿದ ಗೆರೆ.

ಓದಕ್ಕ ಆ ಹಾಳೆಯನ್ನು ಎತ್ತಿಕೊಂಡಳು. ಅದರ ಕೆಳಗಿನದನ್ನು ಎತ್ತಿದಳು. ಅದರ ಕೆಳಗಿನದನ್ನೂ. ಎಲ್ಲ ಅವಳು ಓದಿದವೇ.

“ಇವು ಮೇಲಕ್ಕೆ ಹೋಗಿ ತಿದ್ದಿಸಿಕೊಂಡು ಬಂದವಾ?”

ಕಟಿಂಗಣ್ಣ ಯಂತ್ರ ನಿಲ್ಲಿಸಿದ. “ನನ್ನನ್ನ ಕೇಳಬೇಡಿ ಅಕ್ಕ.”

“ನಿನ್ನನ್ನಲ್ಲದೆ ಈ ಅಲಗನ್ನ ಕೇಳ್ಲಾ?”

ಅವನು ಕೈ ಒರೆಸಿಕೊಂಡು ಆಚೆ ಈಚೆ ನೋಡಿದ. “ಸೀದಾ ಇಲ್ಲಿಗೇ ಬರ್ತವೆ. ಸಂಜೆ ಸಂಜೆ ನಿಮ್ಮ ನಾದಿನೀನೇ ತಂದು ಹಾಕ್ತಾಳೆ. ಅಚ್ಚಾಗಿ ಹೋಗಿರೋ ಹಳೇ ಮಾಲು, ಮೂಲೆಯಿಂದ ತೆಗೆದು ನಿಮಗೆ ಓದೋಕೆ ಕೊಡ್ತಾರೆ. ನಿಮ್ಮ ಮನಸ್ಸಿಗೆ ನೋವಾಗದಿರ್ಲಿ ಅಂತ ನಾವೂ ಬಾಯಿಗೆ ಬೀಗ ಹಾಕ್ಕೊಂಡ್ವಿ.”

“ನಾವು ಅಂದ್ರೆ?”

ದಾರ ಪೋಣಿಸುತ್ತಿದ್ದ ಹೆಂಗಸರು ತಲೆ ತಗ್ಗಿಸಿದ್ದರು. ಓದಕ್ಕನಿಗೆ ಉತ್ತರ ಸಿಕ್ಕಿತು.

ಆದರೂ ಅವಳ ಮನಸ್ಸು ಒಂದು ಎಳೆಯನ್ನು ಹಿಡಿದುಕೊಂಡು ಜೋತಾಡುತ್ತಿತ್ತು. ಮ್ಯಾನೇಜರ್ ಮೋಸ ಮಾಡಿದ, ಸರಿ. ನಾದಿನಿ ಹೇಳಿದ ಕೆಲಸ ಮಾಡುವವಳು, ಹಳೆಯ ಹಾಳೆಯೇ ಆದರೂ ಕೈ ಇಟ್ಟು ಕೇಳುತ್ತಲಾದರೂ ಇದ್ದಳಲ್ಲ. ಅಷ್ಟಿದ್ದರೂ ಸಾಕು ಎಂದುಕೊಂಡು ಅವಳು ಕೋಣೆಗೆ ಹೋಗಿ ಕುರ್ಚಿಯಲ್ಲಿ ಕೂತಳು.

ನಾದಿನಿ ಬಂದಳು. “ತಲೆನೋವು ಹೇಗಿದೆ ಅತ್ತಿಗೆ?”

“ಇದೆ ಹಾಗೇ. ಶುರು ಮಾಡೋಣ.”

ಆವತ್ತಿನದು ಬಟ್ಟೆ ಒಗೆಯುವ ಯಂತ್ರದ ಕೈಪಿಡಿ. ಓದಕ್ಕ ಎಂದಿನ ರಾಗದಲ್ಲಿ ಶುರು ಮಾಡಿದಳು. ಮೊದಲ ಸಲ ಅವಳು ಹಾಳೆಯಿಂದ ಕಣ್ಣೆತ್ತಿ ನಾದಿನಿಯ ಎಡಗೈಯನ್ನು ಹುಡುಕಿದಳು. ಅದು ಮೇಜಿನ ಮೇಲಿರಲಿಲ್ಲ. ಮೇಜಿನ ಕೆಳಗೆ, ತೊಡೆಯ ಮೇಲಿನ ಫೋನಿನ ಬೆಳಕು ನಾದಿನಿಯ ಗಲ್ಲದ ಅಡಿ ನೀಲಿಯಾಗಿ ಬಿದ್ದಿತ್ತು. ಬಲಗೈಯಲ್ಲಿ ಮಾತ್ರ ಪೆನ್ಸಿಲಿತ್ತು.

ಓವರ್‌ಲೋಡ್ ಎಂಬಲ್ಲಿ ಅಂಗೈ ಊರಬೇಕಿತ್ತು. ಓದಕ್ಕ ಬೇಕೆಂದೇ ಬಡಿದಳು. ಟಪ್ ಎಂದಿತು ಪೆನ್ಸಿಲು. ಆಯಿತು, ಮುಂದೆ. ಮುಂದಿನ ಸಾಲನ್ನು ಓದದೆ ಹಾರಿಸಿದಳು. ಟಪ್. ಇನ್ನೊಂದು ಸಾಲನ್ನು ಎರಡು ಸಲ ಓದಿದಳು. ಟಪ್, ಟಪ್. ಅವಳು ರಾಗ ಬಿಡಲಿಲ್ಲ. ಅದೇ ಏರಿಳಿತದಲ್ಲಿ, ಹಾಳೆಯನ್ನೇ ನೋಡುತ್ತ ಓದಿದಳು:

“ನನ್ನ ಎದುರಿಗೆ ಕೂತಿರೋ ನಾದಿನಿ, ಕಾಮಾ, ಎಷ್ಟೋ ದಿನದಿಂದ ನನ್ನ ತಲೆಗೆ ಟೋಪಿ ಹಾಕ್ತಿದ್ದಾಳೆ, ಫುಲ್‌ಸ್ಟಾಪ್.”

ಟಪ್.

ಸ್ವಲ್ಪ ಹೊತ್ತಿಗೆ ನಾದಿನಿಯ ಗಲ್ಲದ ಅಡಿಯ ನೀಲಿ ಬೆಳಕು ಆರಿತು. ಅವಳು ನಿಧಾನವಾಗಿ ತಲೆ ಎತ್ತಿದಳು.

“ಅತ್ತಿಗೆ... ಏನಂದ್ರಿ?”

“ನೀನು ಸರಿ ಅಂದೆಯಲ್ಲ. ಪೆನ್ಸಿಲು ಹೇಳ್ತು. ಎಷ್ಟು ದಿನದಿಂದ?”

ನಾದಿನಿ ಪೆನ್ಸಿಲನ್ನು ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು. “ಎಂಟು ತಿಂಗಳು.”

“ಎಂಟು ತಿಂಗಳು ನಾನು ಬಾಯಿ ನೋಯಿಸಿಕೊಂಡು ಓದಿದ್ದು ಕತ್ತರಿ ಅಡಿಗೆ ಹಾಸೋಕಾ?”

“ಹಾಗನ್ನಬೇಡಿ. ಇಪ್ಪತ್ತೈದು ವರ್ಷ ದಾಟಿದವರನ್ನ ತೆಗೆಯೋ ಹಾಗಿಲ್ಲ, ಬೇರೆ ಕಡೆ ಹಾಕಿದ್ರೆ ಅಕ್ಕ ಕೊರಗ್ತಾರೆ, ಹೇಗೂ ಇನ್ನೊಂದು ವರ್ಷ, ಓದಿಕೊಂಡಿರ್ಲಿ ಅಂದ್ರು ಮ್ಯಾನೇಜರು. ಬೆಳಿಗ್ಗೆ ಹೊತ್ತು ನಾನು ನಿಮ್ಮೆದುರು ಕೂತ್ರೆ ಮೇಲಿನ ಕೆಲಸ ನನಗೆ ಖಾಯಂ ಅಂದ್ರು. ನಿಮ್ಮ ಒಳ್ಳೇದಕ್ಕೇ ಅಂತ...”

“ನನ್ನ ಒಳ್ಳೇದಕ್ಕೆ ನಿನಗೆ ಕೆಲಸ ಖಾಯಂ ಆಯ್ತು. ಹೂಂ. ಮೇಲಿನ ಯಂತ್ರಕ್ಕೆ ಬೆಡ್‌ರಿಡನ್ ಗೊತ್ತಾಗಿದ್ದು ಹೇಗೆ?”

ನಾದಿನಿಯ ಕಣ್ಣು ಮೇಜಿನ ಮೂಲೆಯಲ್ಲಿದ್ದ ನೀಲಿ ರಟ್ಟಿನ ಪುಸ್ತಕದ ಕಡೆ ಹೋಗಿ ತಟ್ಟನೆ ಹಿಂದಕ್ಕೆ ಬಂತು. ಓದಕ್ಕ ಅದನ್ನು ನೋಡಿದಳು.

“ಮೂರು ವಾರ,” ಎಂದಳು. “ಒಂದು ಬೈಂಡು ಹಾಕೋಕೆ ಮೂರು ವಾರ ಯಾಕೆ ಬೇಕು ಅಂತ ನಾನು ಆವತ್ತೇ ಕೇಳಬೇಕಿತ್ತು.”

“ಎಲ್ಲಾನೂ ಟೈಪ್ ಮಾಡಿ ಕಂಪ್ಯೂಟರಿಗೆ ಹಾಕಿದ್ದೀವಿ ಅತ್ತಿಗೆ. ನಿಮ್ಮ ಕೆಲಸ ಎಲ್ಲೂ ಹೋಗಿಲ್ಲ, ಅದರೊಳಗೇ ಇದೆ. ಯಾವತ್ತೂ ಅಳಿಸಿ ಹೋಗಲ್ಲ.”

“ನನ್ನನ್ನ ಒಂದು ಮಾತು ಕೇಳಿದ್ರೆ ನಾನೇ ಪಕ್ಕ ಕೂತು ಓದಿ ಹೇಳ್ತಿದ್ದೆ ಕಣೇ. ಒಂದೊಂದನ್ನೂ ಓದಿ ಹೇಳ್ತಿದ್ದೆ.”

ನಾದಿನಿ ಅಳತೊಡಗಿದಳು. “ಹೇಳೋಣ ಅಂತ ಎಷ್ಟು ಸಲ ಬಾಯಿ ತೆರೆದೆ. ಬೇಡ, ಅವಳು ತಡ್ಕೊಳ್ಳಲ್ಲ, ಕೆಲಸ ಮುಗಿಯೋವರೆಗೂ ಸುಮ್ನಿರು ಅಂತ ಅಣ್ಣನೇ...” ಎಂದವಳು ಅಲ್ಲಿಗೇ ನಾಲಿಗೆ ಕಚ್ಚಿಕೊಂಡಳು.

ಓದಕ್ಕ ಎದ್ದು ನಿಂತಳು. ಕೂತಳು. ಕಿಟಕಿಯಾಚೆ ಲಾರಿಯೊಂದು ಕಾಗದದ ಸುರುಳಿ ಇಳಿಸುತ್ತಿತ್ತು.

ಸಂಜೆ ಗಂಡ ಹೊಸ ಊರುಗೋಲನ್ನು ಪಕ್ಕದಲ್ಲಿಟ್ಟುಕೊಂಡು ಅಡುಗೆಮನೆಯ ಮೇಜಿನ ಮುಂದೆ ಈರುಳ್ಳಿ ಸುಲಿಯುತ್ತಿದ್ದ. ಅವಳು ಎದುರಿಗೆ ಕೂತಳು.

“ದಿನಾ ಸಂಜೆ ನಾನು ಬಂದು, ಇವತ್ತು ಇಂಥ ತಪ್ಪು ಹಿಡಿದೆ ಕಣ್ರೀ ಅಂತ ಹೇಳ್ತಿದ್ನಲ್ಲ, ಆವಾಗ ನಿಮಗೆ ನಗು ಬರ್ತಿತ್ತಾ?”

ಅವನ ಕೈ ನಿಂತಿತು. ತಂಗಿ ಫೋನಿನಲ್ಲಿ ಹೇಳಿರಬೇಕು, ಯಾವ ವಿಷಯ ಎಂದು ಅವನು ಕೇಳಲಿಲ್ಲ.

“ನಗು ಯಾಕೆ ಬರುತ್ತೆ? ನೀನು ಖುಷಿಯಾಗಿದ್ದೆ. ಆ ಖುಷಿ ಕಿತ್ಕೊಳ್ಳೋಕೆ ನನಗೆ ಮನಸ್ಸು ಬರ್ಲಿಲ್ಲ.”

“ನಾನು ಖುಷಿಯಾಗಿದ್ನಾ, ನೀವೆಲ್ಲ ಸೇರಿ ಮಗು ಕೈಗೆ ಗಿಲಕಿ ಕೊಟ್ಟು ಕೂರಿಸಿದ್ರಾ?”

“ಏನೋ ತಪ್ಪಾಯ್ತು ಅನ್ನು. ಮೂರು ತಿಂಗಳಿದೆ. ಹೇಗೋ ಕಳೆದುಬಿಡು.”

“ನನ್ನ ತಪ್ಪಲ್ಲ ಕಣ್ರೀ, ನಾನ್ಯಾಕೆ ಅನ್ನಲಿ? ಅನ್ನಬೇಕಾದವರು ಅನ್ನಲಿ,” ಎಂದು ಅವಳು ಈರುಳ್ಳಿಯನ್ನು ಅವನ ಮುಂದಿನಿಂದ ಎಳೆದುಕೊಂಡು ತಾನೇ ಹೆಚ್ಚಿದಳು. ಕಣ್ಣೀರಿಗೆ ಅದೊಂದು ನೆಪವಾಯಿತು.

ಶುಕ್ರವಾರ ಅವಳು ಹೊತ್ತಿಗೆ ಸರಿಯಾಗಿ ಮುದ್ರಣಾಲಯಕ್ಕೆ ಹೋದಳು. ಹಾಜರಿ ಹಾಕಿದಳು. ಕಟಿಂಗಣ್ಣನ ಹತ್ತಿರ ಒಂದು ಸಣ್ಣ ಅಲಗು ಕೇಳಿ ತೆಗೆದುಕೊಂಡು, ಕಿವುಡು ಪುಸ್ತಕದ ನೀಲಿ ರಟ್ಟನ್ನು ಒಳಗಿನ ಹಾಳೆಗಳಿಗೆ ಒಂದು ಗೀರೂ ತಾಕದಂತೆ ನಾಜೂಕಾಗಿ ಬಿಡಿಸಿದಳು. ಹಾಳೆಗಳನ್ನು ಮೊದಲಿನಂತೆ ದಾರದಲ್ಲಿ ಕಟ್ಟಿ ಚೀಲಕ್ಕೆ ಹಾಕಿಕೊಂಡಳು. ಖಾಲಿ ರಟ್ಟನ್ನು ನಾದಿನಿಯ ಮುಂದೆ ಇಟ್ಟು, “ಇದು ನಿನ್ನದು,” ಎಂದಳು. ಆಮೇಲೆ ಕುರ್ಚಿಯಲ್ಲಿ ಕೂತು ಬಾಯಿ ಮುಚ್ಚಿದಳು.

ಆ ದಿನ ಓದಲಿಲ್ಲ. ಶನಿವಾರ ಓದಲಿಲ್ಲ. ಸೋಮವಾರ ಮ್ಯಾನೇಜರ್ ಬಾಗಿಲಿಗೆ ಬಂದ.

“ಏನಕ್ಕ ಇದು, ಸುಮ್ನೆ ಕೂತ್ರೆ ಹೇಗೆ? ಏನಾದ್ರೂ ಓದಿ.”

“ಅಚ್ಚಾಗದಿರೋ ಹಾಳೆ ತನ್ನಿ, ಓದ್ತೀನಿ.”

“ಆಯ್ತಪ್ಪ, ತರೋಣ. ಅದಕ್ಕೇನು?”

ಮಂಗಳವಾರ ಅವನು ತಾನೇ ಒಂದು ಕಟ್ಟು ಹಿಡಿದುಕೊಂಡು ಬಂದ. “ತಗೊಳ್ಳಿ, ಬಿಸಿಬಿಸಿ. ಇವತ್ತು ಬೆಳಿಗ್ಗೆ ಗಿರಾಕಿ ಕೊಟ್ಟಿದ್ದು.” ಓದಕ್ಕ ಹಾಳೆಗಳನ್ನು ಹತ್ತಿರ ಎಳೆದುಕೊಂಡಳು. ಕನ್ನಡಕ ಹಾಕಿಕೊಂಡಳು. ಮೊದಲ ಸಾಲಿಗೆ ಬಾಯಿ ತೆರೆದವಳು ಏನೋ ನೆನಪಾದಂತೆ ಕಟ್ಟನ್ನು ಎತ್ತಿಕೊಂಡು ಮೆಟ್ಟಿಲಿಳಿದು ಕಟಿಂಗಣ್ಣನ ಮುಂದೆ ಹಿಡಿದಳು.

“ಇದು ಅಚ್ಚಾಗಿದೆಯಾ?”

ಈ ಸಲ ಅವನು ಆಚೆ ಈಚೆ ನೋಡಲಿಲ್ಲ. “ಹೋದ ವಾರ ಅಕ್ಕ. ನಾನೇ ಅಂಚು ಕತ್ತರಿಸಿದ್ದು.”

ಅವಳು ಕಟ್ಟನ್ನು ಅವನ ಯಂತ್ರದ ಅಡಿಗೆ ತಾನೇ ಹಾಸಿದಳು. ಮ್ಯಾನೇಜರ್ ಮತ್ತೆ ಆ ಬಾಗಿಲಿಗೆ ಬರಲಿಲ್ಲ.

ದಿನಗಳು ಹಾಗೇ ಹೋದವು. ಬೆಳಿಗ್ಗೆ ಬರುವುದು, ಕೂರುವುದು, ಸಂಜೆ ಏಳುವುದು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟು. ಊಟಕ್ಕೆ ಎರಡು ಡಬ್ಬಿ. ಕೆಳಗೆ ದಾರ ಪೋಣಿಸುವ ಹೆಂಗಸರ ಕೈ ನಿಧಾನವಾಗತೊಡಗಿತು. ಇಷ್ಟು ವರ್ಷ ಮೇಲಿನಿಂದ ಕೇಳಿಬರುತ್ತಿದ್ದ ಆ ರಾಗಕ್ಕೆ ದಾರ ಎಳೆದು ಎಳೆದು ಅಭ್ಯಾಸವಾಗಿತ್ತು ಎಂದು ಅವರಿಗೆ ಈಗ ತಿಳಿಯಿತು. “ಬೈದಾದ್ರೂ ಬೈಯಿ ಅಕ್ಕ, ಈ ಮೌನ ಮಾತ್ರ ಬೇಡ,” ಎಂದು ಒಬ್ಬಳು ಚಹಾ ತಂದಿಟ್ಟು ಹೋದಳು. ಓದಕ್ಕ ಚಹಾ ಕುಡಿದಳು. ಬೈಯಲಿಲ್ಲ.

ನಾದಿನಿಗೆ ಮಾತ್ರ ಹೋಗಲು ಬೇರೆ ಜಾಗವಿರಲಿಲ್ಲ. ಬೆಳಿಗ್ಗೆ ಹೊತ್ತು ಅತ್ತಿಗೆಯ ಎದುರು ಕೂರಬೇಕೆಂಬ ಕರಾರು ಇನ್ನೂ ಇತ್ತು. ಮುಂದೆ ಹಾಳೆಯಿಲ್ಲ, ಫೋನು ತೆಗೆಯಲು ಧೈರ್ಯವಿಲ್ಲ. ಖಾಲಿ ಮೇಜಿನ ಎರಡು ಬದಿಗೆ ಇಬ್ಬರು ಹೆಂಗಸರು.

ಹನ್ನೊಂದನೆಯ ದಿನ ಊಟಕ್ಕೆ ಮುಂಚೆ ನಾದಿನಿ ಎಡಗೈಯನ್ನು ತೊಡೆಯ ಮೇಲಿಂದ ತೆಗೆದು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟಳು, ಮೊದಲು ಅಡುಗೆಮನೆಯಲ್ಲಿ ಕಲಿಯುವಾಗ ಇಟ್ಟಿದ್ದ ಹಾಗೆಯೇ. ಆಮೇಲೆ ಬಲಗೈ ಗೆಣ್ಣಿನಿಂದ ಒಂದು ಸಲ ಬಡಿದಳು. ಹೊಲಿಗೆಯ ಹಲಗೆಯ ಕಥೆಯನ್ನು ಓದಕ್ಕ ಅವಳೊಬ್ಬಳಿಗೇ ಹೇಳಿದ್ದಳು.

ಇದ್ದೀಯಾ?

ಮರದೊಳಗಿಂದ ಬಂದ ಆ ಬಡಿತ ಓದಕ್ಕನ ಮೊಣಕೈಗೆ ತಾಕಿತು. ಮಡಿಲಲ್ಲಿದ್ದ ಅವಳ ಅಂಗೈ ತಾನಾಗಿಯೇ ಮೇಲೆ ಎದ್ದಿತು, ಮೇಜಿನ ಅಂಚಿನವರೆಗೂ ಬಂತು. ಎದುರಿಗೆ ನಾದಿನಿಯ ಕೈಯ ಪಕ್ಕ ಕೆಂಪು ಪೆನ್ಸಿಲಿನ ಹಿಂಬದಿ ಇಷ್ಟು ವರ್ಷ ಬಡಿದು ಬಡಿದು ಆದ ಸಣ್ಣ ಸಣ್ಣ ಗುಳಿಗಳಿದ್ದವು. ಅವುಗಳಲ್ಲಿ ನಿಜವಾಗಿ ಕೇಳಿ ಬಡಿದದ್ದು ಯಾವುದು, ಈ ಎಂಟು ತಿಂಗಳ ಸುಳ್ಳು ಟಪ್ಪು ಯಾವುದು ಎಂದು ಹೇಳಲಾಗದು. ಅವಳು ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಮೊಣಕೈಯನ್ನೂ ಮೇಜಿನಿಂದ ಎತ್ತಿ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದಳು.

ಎರಡನೆಯ ಸಲ ಬಡಿದದ್ದು ಅವಳಿಗೆ ಬರೀ ಕಿವಿಗೆ ಕೇಳಿಸಿತು. ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟು ಮುಚ್ಚಿದಳು. ಊಟದ ಗಂಟೆಗೆ ಇನ್ನೂ ಹತ್ತು ನಿಮಿಷವಿತ್ತು. ಅವಳು ಕೂತೇ ಇದ್ದಳು.